ಗಾಳಿ ಕಾಣಿಸುವ ಮಾಡ್

ನಂಬೋದಿಲ್ಲ ಅಂದರೆ ಬಿಡಿ, ನಾನು ಗಾಳಿಯನ್ನು ಕಣ್ಣಾರೆ ಕಂಡವನು. ವಸ್ತ್ರಾಪುರದ ನನ್ನ ಬಾಡಿಗೆ ಕೋಣೆಯಲ್ಲಿ ವಿಆರ್ ಹೆಡ್‌ಸೆಟ್ ಹಾಕಿಕೊಂಡು, ಊರೂರಿನವರು ಸೇರಿ ಗಾಳಿಪಟ ಹಾರಿಸುವ ಆಟದೊಳಗಿನ ತಾರಸಿಗೆ ಹೋಗುತ್ತಿದ್ದೆ. ಆಡುವವರೇ ಯಾರೋ ಬರೆದು ಹಂಚಿದ ಒಂದು ಮಾಡ್, ಅಂದರೆ ಆಟವನ್ನು ಬದಲಿಸುವ ಸಣ್ಣ ಪ್ರೋಗ್ರಾಂ, ಹಾಕಿಕೊಂಡರೆ ಅಲ್ಲಿ ಗಾಳಿ ನೀಲಿ ಗೆರೆಗಳಾಗಿ ಕಾಣುತ್ತದೆ. ಗೆರೆ ನೋಡಿಕೊಂಡು ಎಲ್ಲರ ದಾರ ಕತ್ತರಿಸಿದೆ. ನನ್ನೆದುರು ನಿಲ್ಲೋರು ಯಾರು?

ಪದೇ ಪದೇ ಸೋತ ಸೂರತ್ತಿನ ಹೇತಲ್‌ಬೆನ್ ಒಮ್ಮೆ ಕೇಳಿದರು: "ಗಾಳಿ ತಿರುಗೋದು ನಿನಗೆ ಮೊದಲೇ ಹೇಗೆ ಗೊತ್ತಾಗುತ್ತೆ, ಭಾಯ್?"

"ಹಳ್ಳಿ ಮೂಗು, ಬೆನ್. ಮೂಸಿದರೆ ಸಾಕು."

"ಹಾಗಾದರೆ ಉತ್ತರಾಯಣದ ಪಟದ ಹಬ್ಬಕ್ಕೆ ಮನೆಗೆ ಬಾ. ಪಕ್ಕದ ತಾರಸಿಯವರು ಪ್ರತಿವರ್ಷ ನಮ್ಮ ಮಾನ ಕಳೀತಾರೆ."

ಹೋದೆ. ಮನೆಮಂದಿಯೆಲ್ಲ ನನ್ನನ್ನೇ ನೋಡುತ್ತಿದ್ದರು. ತಲೆ ಎತ್ತಿದರೆ ಆಕಾಶದಲ್ಲಿ ಒಂದು ಗೆರೆಯೂ ಇಲ್ಲ! ಮೊದಲ ಪಟ ನೀರಿನ ಟ್ಯಾಂಕಿಗೆ ಬಡಿಯಿತು. ಎರಡನೆಯದನ್ನು ಪಕ್ಕದವರು ಕತ್ತರಿಸಿ ಕುಣಿದರು.

"ಮೂಗು ಕಟ್ಟಿದೆಯಾ, ಭಾಯ್?" ಅಂದರು ಹೇತಲ್‌ಬೆನ್.

"ಹೌದು ಬೆನ್, ನೆಗಡಿ," ಅಂದೆ, ಗಂಭೀರವಾಗಿ.

ಮೂರನೇ ಪಟ ಅವರ ಅತ್ತೆಯ ಕೈಗೆ ಹೋಯಿತು. ಆ ಮುದುಕಿ ಪಕ್ಕದವರ ಐದಾರು ಪಟ ಉರುಳಿಸಿದರು. ಅವರ ಬೆನ್ನ ಹಿಂದೆ ನಿಂತು ಹಿಡಿದುಕೊಳ್ಳಲು ನನಗೆ ಕೊಟ್ಟಿದ್ದು ದಾರ ಸುತ್ತಿದ ಉರುಳೆ, ಫಿರ್ಕಿ.