ಗೊಗ್ಗರಕ್ಕನ ಹಾಡಿನ ವೇಗ

ನನ್ನ ಸೋದರತ್ತೆಯ ದನಿ ಗೊಗ್ಗರು. ಹುಟ್ಟಿದಾಗ ಅವಳು ಅತ್ತದ್ದನ್ನು ಕೇಳಿ ಆಚೆ ಕೋಣೆಯಲ್ಲಿದ್ದ ತಾತ ಗಂಡುಮಗುವೆಂದೇ ನಾಲ್ಕು ಮನೆಗೆ ಹೇಳಿ ಬಂದಿದ್ದನಂತೆ. ಕಾರ್ಖಾನೆಯಲ್ಲಿ ಅವಳಿಗೆ ಗೊಗ್ಗರಕ್ಕ ಎಂದೇ ಹೆಸರು. ಅಂಥ ದನಿ ಇಟ್ಟುಕೊಂಡು ಮೂವತ್ತು ವರ್ಷ ಹಾಡಿದಳು.

ಹಾಡು ಕಲಿಸಿದವಳು ಅವಳ ಅಜ್ಜಿ. ಉಳ್ಳವರ ಮನೆಗಳಲ್ಲಿ ಮಕ್ಕಳನ್ನು ಆಡಿಸಿ ಮಲಗಿಸುವುದು ಆ ಅಜ್ಜಿಯ ಕೆಲಸ. ಮೊಮ್ಮಗಳನ್ನೂ ಕಂಕುಳಲ್ಲಿಟ್ಟುಕೊಂಡೇ ಹೋಗುತ್ತಿದ್ದಳು. ಹೀಗಾಗಿ ಅತ್ತೆಗೆ ಅಕ್ಷರಕ್ಕಿಂತ ಮೊದಲು ನೂರಾರು ಜೋಗುಳ ಬಾಯಿಗೆ ಬಂದವು. ಹದಿನೇಳಕ್ಕೆ ಕಂಬಳಿ ಕಾರ್ಖಾನೆ ಸೇರಿದಳು. ಮದುವೆಯ ಮಾತೆತ್ತಿದವರಿಗೆಲ್ಲ, "ಮೊದಲು ನನ್ನ ದನಿ ಕೇಳಿಸಿಕೊಂಡು ಹೋಗ್ಲಿ, ಆಮೇಲೆ ಮಾತಾಡೋಣ" ಎನ್ನುತ್ತಿದ್ದಳು. ಯಾರೂ ಎರಡನೆಯ ಸಲ ಬರಲಿಲ್ಲ. ನಮ್ಮ ಮನೆಯಲ್ಲೇ ಉಳಿದಳು.

ಮಗ್ಗದಿಂದ ಇಳಿದ ಕಂಬಳಿ ಜಾಳುಜಾಳಾಗಿರುತ್ತದೆ. ಅದನ್ನು ಬಿಸಿ ಸೋಪುನೀರಿನಲ್ಲಿ ಅದ್ದಿ, ಉದ್ದನೆಯ ಹಲಗೆಯ ಮೇಲೆ ಹಾಸಿ, ಎರಡೂ ಬದಿಗೆ ಆರಾರು ಹೆಂಗಸರು ಕೂತು ಬಡಿದು, ನಾದಿ, ಪಕ್ಕದವಳ ಕಡೆ ತಳ್ಳಬೇಕು. ಬಡಿದಷ್ಟೂ ಉಣ್ಣೆ ಕುಗ್ಗಿ ಗಟ್ಟಿಯಾಗುತ್ತದೆ. ಹನ್ನೆರಡು ಜೊತೆ ಕೈ ಒಟ್ಟಿಗೆ ಬೀಳಬೇಕಾದರೆ ಹಾಡು ಬೇಕೇಬೇಕು. ಹಾಡುತ್ತಿದ್ದ ಮುದುಕಿ ಹಲ್ಲುದುರಿ ಮನೆಗೆ ಹೋದ ಮೇಲೆ ಅವಳ ಜಾಗ ಅತ್ತೆಗೆ ಬಂತು. ಇಂಪಾದ ಗಂಟಲಿನವರು ಇಬ್ಬರಿದ್ದರು. ಆದರೆ ಕಂಬಳಿಯ ದಪದಪ ಸದ್ದನ್ನು ಮೀರಿ ಕೇಳಿಸುತ್ತಿದ್ದದ್ದು ಇವಳ ದನಿ ಮಾತ್ರ.

ಆಗ ಒಬ್ಬ ಹೊಸ ಮ್ಯಾನೇಜರ್ ಬಂದರು. ಕೊರಳಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡು ಒಂದು ವಾರ ಹಲಗೆಯ ಸುತ್ತ ಸುಳಿದರು. ಹಾಡು ಚುರುಕಾದ ದಿನ ಮೂವತ್ತರ ಬದಲು ನಲವತ್ತು ಕಂಬಳಿ ಮುಗಿಯುತ್ತವೆ ಎಂಬುದು ಅವರಿಗೆ ಹೊಳೆಯಿತು. ಅತ್ತೆಯನ್ನು ಆಫೀಸಿಗೆ ಕರೆಸಿ, ಕುರ್ಚಿ ಕೊಟ್ಟು, "ಇನ್ಮೇಲೆ ನೀವು ಬಡಿಯೋದು ಬೇಡಮ್ಮ. ಹಾಡಿ ಸಾಕು. ಸ್ವಲ್ಪ ಚುರುಕಾಗಿ" ಎಂದರು.

ಅಲ್ಪನಿಗೆ ಐಶ್ವರ್ಯ ಬಂದ ಗಾದೆ ನಮ್ಮತ್ತೆಗೂ ಒಪ್ಪುತ್ತದೆ. ಹಲಗೆಯ ತುದಿಯಲ್ಲಿ ಅವಳಿಗೊಂದು ಎತ್ತರದ ಸ್ಟೂಲು ಹಾಕಿಸಿದರು. ಅದರ ಮೇಲೆ ಕೂತು, ಸೋಪುನೀರು ಸೋಕದ ಕೈಯಲ್ಲಿ ತಗಡಿನ ಮುಚ್ಚಳ ಬಾರಿಸುತ್ತ, ರೈಲಿನಂಥ ಹಾಡು ಬಿಟ್ಟಳು. ಮನೆಯಲ್ಲೂ ನಾಲ್ಕು ದಿನ ಲೋಟ ಎತ್ತಿಡಲಿಲ್ಲ. "ಮೇಸ್ತ್ರಿಗಳು ಊಟಕ್ಕೆ ಏಳ್ತಾರೋ, ಇಲ್ಲ ತಟ್ಟೆ ಅಲ್ಲಿಗೇ ತರಬೇಕೋ" ಎಂದು ಅಪ್ಪ ಕೇಳಿದ್ದು ನನಗೆ ನೆನಪಿದೆ.

ಅಮ್ಮನೂ ಅದೇ ಹಲಗೆಯವಳು. ಎರಡನೆಯ ತಿಂಗಳು ಒಂದು ಬೆಳಿಗ್ಗೆ ಅವಳು ನನ್ನ ತಲೆ ಬಾಚಲು ಕೂತಳು. ಬಾಚಣಿಗೆ ಎರಡು ಸಲ ಕೈಜಾರಿ ಬಿತ್ತು. ಮಣಿಕಟ್ಟು ಬನ್ನಿನ ಹಾಗೆ ಊದಿತ್ತು. ಮೂರನೆಯ ಸಲ ಅದನ್ನೆತ್ತಿ ಅತ್ತೆಯ ಕೈಗಿಟ್ಟು, "ನೀವೇ ಬಾಚಿಬಿಡಿ ಅತ್ತಿಗೆ. ನಿಮ್ಮ ಕೈ ಚೆನ್ನಾಗಿದೆಯಲ್ಲ" ಎಂದಳು.

ಅಮ್ಮ ಅದನ್ನು ಬೈಗುಳವಾಗಿ ಹೇಳಿರಲಿಲ್ಲ. ಅದೇ ಅತ್ತೆಗೆ ತಾಗಿತು. ಅವಳು ನನ್ನ ಎರಡೂ ಜಡೆ ಹೆಣೆದು ಮುಗಿಸಿದಳು. ಅವತ್ತು ಕಾರ್ಖಾನೆಗೆ ಹೋದವಳೇ ಸ್ಟೂಲನ್ನು ಗೋಡೆಗೆ ತಳ್ಳಿ, ಅಮ್ಮನ ಪಕ್ಕ ಜಾಗ ಮಾಡಿಸಿಕೊಂಡು ಕೂತು, ಅಜ್ಜಿಯ ಜೋಗುಳ ಶುರು ಮಾಡಿದಳು. ಹನ್ನೆರಡು ಜೊತೆ ಕೈ ತೊಟ್ಟಿಲು ತೂಗಿದಷ್ಟು ನಿಧಾನಕ್ಕೆ ಬೀಳತೊಡಗಿದವು.

ಮ್ಯಾನೇಜರ್ ಓಡಿ ಬಂದರು. "ಇದೇನು ಹಾಡು?"

"ಮಗು ಮಲಗಿಸೋದು ಸಾರ್."

"ಬೇಗ ಹಾಡಿ."

"ಬೇಗ ಹಾಡಿದ್ರೆ ಮಗು ಎದ್ದುಬಿಡುತ್ತೆ ಸಾರ್."

ಹಲಗೆಯ ಆಚೆ ಕಡೆ ಯಾರೋ ಕಿಸಕ್ಕೆಂದರು. ಮಧ್ಯಾಹ್ನದೊಳಗೆ ಹಾಡೇ ನಿಷೇಧವಾಯಿತು. ಹಾಡಿಲ್ಲದೆ ಕೈಗಳು ದಿಕ್ಕಿಗೊಂದಾಗಿ ಬಿದ್ದು, ಕಂಬಳಿಗಳು ಒಂದು ಕಡೆ ಹಲಗೆಯಂತೆ, ಇನ್ನೊಂದು ಕಡೆ ಜರಡಿಯಂತೆ ಆದವು. ವ್ಯಾಪಾರಿಗಳು ಮೂಟೆಗಟ್ಟಲೆ ವಾಪಸ್ಸು ಕಳಿಸಿದರು. ಮ್ಯಾನೇಜರ್ ರೇಡಿಯೋ ತರಿಸಿ ಕುಣಿಯುವ ಹಾಡು ಹಚ್ಚಿದರು. ಹೆಂಗಸರು ಹಾಡು ಬಂದಾಗ ಬಡಿದರು; ನಡುವೆ ಬರೀ ವಾದ್ಯ ಬಂದಾಗ ಕೈಕಟ್ಟಿ ಕೂತರು. ವಾದ್ಯವೇ ಹೆಚ್ಚಿತ್ತು. ಕೊನೆಗೆ ಅತ್ತೆಯನ್ನು ಕೆಲಸದಿಂದ ತೆಗೆದು ಗೇಟಿಗೆ ನೋಟೀಸು ಅಂಟಿಸಿದರು.

ಮರುದಿನ ಹಲಗೆಯವರು ಒಳಗೆ ಹೋಗಲಿಲ್ಲ. ಮಗ್ಗದವರೂ ಬಣ್ಣದವರೂ ಏನಾಯಿತೆಂದು ನೋಡಲು ಹೊರಗೆ ಬಂದರು. ಮಗ್ಗದ ಹಿರಿಯ ನೇಯ್ಗೆಯವನು ಅತ್ತೆಯನ್ನು ಒಂದು ಪೆಟ್ಟಿಗೆಯ ಮೇಲೆ ಹತ್ತಿಸಿ, "ನಾಲ್ಕು ಮಾತಾಡಕ್ಕ" ಎಂದ. ಅತ್ತೆ "ಅಣ್ಣಂದಿರೇ" ಎಂದಳು. ಮುಂದಿನದು ಹೊಳೆಯಲಿಲ್ಲ. ಎದುರಿಗೆ ಗೇಟಿನ ಮೇಲೆ ನೋಟೀಸು ಕಂಡಿತು. ಅವಳು ಅದನ್ನೇ ರಾಗವಾಗಿ ಓದತೊಡಗಿದಳು. ಪ್ರತಿ ಸಾಲಿನ ಕೊನೆಗೂ "ಈ ಮೂಲಕ ತಿಳಿಯಪಡಿಸುವುದೇನೆಂದರೆ" ಎಂಬಲ್ಲಿಗೆ ತಿರುಗಿ ಬರುತ್ತಿದ್ದಳು. ಮೂರನೆಯ ಸುತ್ತಿಗೆ ಇನ್ನೂರು ಜನ ಆ ಪಲ್ಲವಿ ಹಿಡಿದರು. ಒಳಗಿದ್ದ ಟೈಪಿಸ್ಟು ತಾನೇ ಟೈಪು ಮಾಡಿದ್ದು ಇಷ್ಟು ಚೆನ್ನಾಗಿದೆಯೆಂದು ಗೊತ್ತೇ ಇರಲಿಲ್ಲ ಎಂದನಂತೆ.

ಸಂಘ ಹುಟ್ಟಿದ್ದು ಹಾಗೆ. ಹನ್ನೊಂದು ದಿನ ಕೆಲಸ ನಿಂತಿತು. ನಾವು ಗಂಜಿ ಕುಡಿದೆವು. ಅತ್ತೆ ತನ್ನ ಪಾಲಿನಲ್ಲಿ ಅರ್ಧ ನನಗೆ ಸುರಿದು, ಹಾಡುವವರು ಹೊಟ್ಟೆ ತುಂಬ ಉಣ್ಣಬಾರದೆಂದು ಸುಳ್ಳು ಹೇಳುತ್ತಿದ್ದಳು. ಹನ್ನೆರಡನೆಯ ದಿನ ಕಾರ್ಮಿಕ ಅಧಿಕಾರಿ ಎರಡೂ ಕಡೆಯವರನ್ನು ಕೂರಿಸಿದರು. ಹಾಡಿನ ವೇಗ ಹಲಗೆಯವರ ಕೈಯಲ್ಲೇ ಇರಬೇಕೆಂಬ ಅತ್ತೆಯ ಬೇಡಿಕೆ ಕೇಳಿ ಅವರ ಪೆನ್ನು ನಿಂತಿತು.

"ಹಾಡಿನ ವೇಗವನ್ನ ಅಳೆಯೋದು ಹೇಗಮ್ಮ?"

"ನಿಮ್ಮ ನಾಡಿ ಹಿಡ್ಕೊಳ್ಳಿ ಸಾರ್. ಕೂತ ಮನುಷ್ಯನ ನಾಡಿ ಎಷ್ಟೋ ಅಷ್ಟು."

ಅವರು ಮಣಿಕಟ್ಟು ಹಿಡಿದರು. ಅತ್ತೆ ಮೇಜು ತಟ್ಟಿ ಹಾಡಿದಳು. ನಾಡಿಯ ಮಿಡಿತಕ್ಕೆ ಮೇಜಿನ ಪೆಟ್ಟು ಸರಿಯಾಗಿ ಕೂಡಿತು. ಮ್ಯಾನೇಜರ್ ನಂಬದೆ ತಮ್ಮ ನಾಡಿಯನ್ನೂ ಹಿಡಿದುಕೊಂಡರು.

"ಅವರದು ಬೇಡ ಸಾರ್" ಎಂದಳು ಅತ್ತೆ. "ಅದು ಓಡ್ತಾ ಇದೆ."

ಅಧಿಕಾರಿ ನಗು ನುಂಗಿಕೊಂಡು ಬರೆದರು: ಬಡಿಯುವ ಹಲಗೆಯಲ್ಲಿ ಹಾಡಿನ ವೇಗವನ್ನು ಹಲಗೆಗೆ ಕೂತವರೇ ನಿರ್ಧರಿಸತಕ್ಕದ್ದು. ಅತ್ತೆಗೆ ಕೆಲಸ ಮರಳಿ ಸಿಕ್ಕಿತು. ಅಮ್ಮನ ಮಣಿಕಟ್ಟಿನ ಊತ ಇಳಿಯಿತು, ಪೂರ್ತಿಯಲ್ಲ. ಕಂಬಳಿಯ ಲೆಕ್ಕ ಮೂವತ್ತಮೂರಕ್ಕೆ ನಿಂತಿತು.

ಇಪ್ಪತ್ತು ವರ್ಷದ ಮೇಲೆ ಬಡಿಯುವ ಯಂತ್ರವೇ ಬಂತು. ಸಂಘ ಜಗಳವಾಡಿ ಹನ್ನೆರಡು ಜನರಿಗೂ ಒಣಗಿಸುವ ಕೋಣೆಯಲ್ಲಿ ಕೆಲಸ ಉಳಿಸಿತು. ಮೊದಲ ದಿನ ಅತ್ತೆ ಯಂತ್ರದ ಎದುರು ಬಹಳ ಹೊತ್ತು ತಲೆದೂಗುತ್ತ ನಿಂತು, ಮೆಕ್ಯಾನಿಕ್‌ನನ್ನು ಕರೆದಳು.

"ಇದು ನಾಲ್ಕನೇ ಏಟಿಗೆ ಕುಂಟ್ತಿದೆಯಪ್ಪ."

ಅವನು ನಕ್ಕ. ಆದರೂ ಬಿಚ್ಚಿ ನೋಡಿದ. ಒಳಗೊಂದು ಬೋಲ್ಟು ಸಡಿಲವಾಗಿತ್ತು. ಅಲ್ಲಿಂದಾಚೆ ಯಂತ್ರ ಸ್ವಲ್ಪ ಅಪಸ್ವರ ಮಾಡಿದರೂ ಅವನು ಸ್ಪಾನರ್ ಹಿಡಿದುಕೊಂಡು ಮೊದಲು ಒಣಗಿಸುವ ಕೋಣೆಗೆ ಬಂದು, "ಅಕ್ಕಾ, ಒಂದು ನಿಮಿಷ ಕಿವಿ ಕೊಡ್ತೀರಾ" ಎಂದು ಕೇಳುತ್ತಿದ್ದ.