ಕೆಂಪು ಇಳಿದ ಕಣ್ಣು

ಕಿರಂಗೂರಿನ ನಮ್ಮ ಸೋದರಮಾವನ ಕಣ್ಣಿಗೆ ಕಬ್ಬಿನ ಗರಿ ಹೊಡೆದದ್ದು ತೊಂಬತ್ತರ ದಶಕದಲ್ಲಿ, ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಿಗೆ ಓಡಾಡುತ್ತಿದ್ದಾಗ. ಆಗ ನಡೆದ ಮೊದಲ ಚಿಕಿತ್ಸೆ ನಾಲಿಗೆಯದು. ಬೀದಿಯ ಕೊನೆಯ ಮನೆಯ ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆ, ಹೊಗೆಸೊಪ್ಪು ಉಗಿದು, ಸೆರಗಿನಲ್ಲಿ ತುಟಿ ಒರೆಸಿಕೊಂಡು, ಮಾವನ ರೆಪ್ಪೆ ಅಗಲಿಸಿ ಕಣ್ಣುಗುಡ್ಡೆಯನ್ನು ನಾಲಿಗೆಯಿಂದ ಸವರಿದಳು. ಕಸ ತೆಗೆಯುವ ವಿದ್ಯೆಯಂತೆ. ಬಾಯಾದರೂ ಮುಕ್ಕಳಿಸಬಾರದೇ ಎಂದು ನಾನು ಅಂದದ್ದಕ್ಕೆ, ನಾಗಮಂಗಲದಿಂದ ಬಸ್ಸು ಹತ್ತಿ ಅಜ್ಜಿಯ ಹತ್ತಿರ ಬರುವವರಿಗಿಲ್ಲದ ಅಸಹ್ಯ ನಿನಗೇನು ಅಂದರು ಅತ್ತೆ. ಆಲೆಮನೆಗೆ ನೊಣಗಳೂ ದೂರದಿಂದಲೇ ಬರುತ್ತವೆ ಎಂದೆ.

ಕಣ್ಣು ಕೆಂಪಾಯಿತು. ಊರಲ್ಲೆಲ್ಲ ಮದ್ರಾಸ್ ಐ ಇತ್ತು; ಇದೂ ಅದೇ ಎಂದು ತೀರ್ಪಾಯಿತು. ಅದಾದರೆ ಗೀಜು ಕಟ್ಟಿ ರೆಪ್ಪೆ ಅಂಟಬೇಕಿತ್ತು, ಇನ್ನೊಂದು ಕಣ್ಣಿಗೂ ದಾಟಬೇಕಿತ್ತು. ಮಾವನಿಗೋ ಪೆಟ್ಟು ಬಿದ್ದ ಕಣ್ಣಷ್ಟೇ ನೋವು, ಬೆಳಕು ಕಂಡರೆ ಚುಚ್ಚು, ಎಲ್ಲ ಮಂಜು. ದೊಡ್ಡಾಸ್ಪತ್ರೆಗೆ ಹೋಗೋಣ ಎಂದು ವಾದಿಸಿದೆ. ಅಷ್ಟರಲ್ಲಿ ಪಕ್ಕದ ಮನೆಯವರು ಮೆಡಿಕಲ್ ಸ್ಟೋರಿನಿಂದ ತಂದು, ಬಳಸಿ ಉಳಿಸಿದ್ದ ಸ್ಟೀರಾಯ್ಡ್ ಹನಿ ಬಂತು. ಆ ಸೀಸೆಯ ಮೂತಿ ಯಾರ್ಯಾರ ರೆಪ್ಪೆಗೆ ತಾಗಿತ್ತೋ. ಆದರೆ ಕೆಂಪು ಇಳಿದೇಬಿಟ್ಟಿತು.

"ಈಗೇನಂತೀಯಲಾ? ಬಾಯ್ ಮುಚ್ಕೊಂಡ್ ಉಣ್ಣು," ಎಂದರು ಅತ್ತೆ.

"ಕೆಂಪು ಓಯ್ತಲ್ಲ, ಮತ್ತೆ ಮಾವ ಯಾಕತ್ತೆ ಗೋಡೆ ಕಡೆ ತಿರುಗ್ಕೊಂಡು ಕೂತವ್ರೆ?"

ಅತ್ತೆ ಸೀಸೆ ಅಲ್ಲಾಡಿಸಿ ಮಾವನ ರೆಪ್ಪೆ ಬಿಡಿಸಿದರು. ಹನಿ ಹಾಕುವುದು ಆಮೇಲೂ ನಿಲ್ಲಲಿಲ್ಲ. ಕಣ್ಣಿನ ಕರಿಗುಡ್ಡೆಯ ಮೇಲೆ ಅನ್ನದಗುಳಿನಂಥ ಬಿಳಿ ಮೂಡಿದ ಮೇಲೆಯೇ ಮೈಸೂರಿಗೆ ಹೊರಟದ್ದು.

ಡಾಕ್ಟರು ಕಣ್ಣಿಗೆ ಜೋಮು ಹಿಡಿಸಿ, ಬಿಳಿಯನ್ನು ಒಂದಿಷ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹಸಿಗರಿ ಗೀರಿದ ಗಾಯದಲ್ಲಿ ಬೂಷ್ಟು ಬೆಳೆದಿತ್ತು. "ಆ ಹನಿ ಕೆಂಪನ್ನು ಅಡಗಿಸುತ್ತೆ ಅಷ್ಟೆ. ಬೂಷ್ಟಿಗೆ ಅದು ಗೊಬ್ಬರ," ಎಂದರು. ಬೇರೆ ಹನಿ ಕೊಟ್ಟು ಗಂಟೆಗೊಮ್ಮೆ ಹಾಕಿಸಿದರು. ಗುಡ್ಡೆ ತೂತಾಗದೆ ಉಳಿಯಿತು. ಬಿಳಿ ಮಾತ್ರ ನಟ್ಟನಡುವೆ ಕಲೆಯಾಗಿ ಕೂತಿತು.

ವಾಪಸ್ಸು ಬರುವ ಬಸ್ಸಿನಲ್ಲಿ ಅತ್ತೆ ಬಗ್ಗಿ ನೋಡಿ, ಸದ್ಯ ಕೆಂಪಂತೂ ಇಲ್ಲ ಅಂದರು. ನಾನು ಗೆದ್ದ ವಾದವೂ ಬಾಯಲ್ಲಿ ಹುಳಿತೇಗಿನಂತೆ ಬಂತು. ಮಾವ ಅಂಗೈಯಿಂದ ಒಳ್ಳೆಯ ಕಣ್ಣು ಮುಚ್ಚಿಕೊಂಡು ಕಿಟಕಿಯಾಚೆ ಮುಖ ಮಾಡಿದ್ದರು.

"ಪಟ್ಣದ್ ಒಳೆ ಬಂತೇನ್ಲಾ?" ಎಂದು ಕೇಳಿದರು.

ಬಸ್ಸು ಆ ಹೊಳೆಯ ಸೇತುವೆಯ ಮೇಲೇ ಇತ್ತು.