ಮುಚ್ಚಿದ ಅಂಗಡಿಗಳ ಗಿಡಗಳು

ವೊಂಜು ಪಟ್ಟಣದ ಹಳೇ ಮಾರುಕಟ್ಟೆ ಬೀದಿಯಲ್ಲಿ ಯಾರದ್ದಾದರೂ ಅಂಗಡಿ ಮುಚ್ಚಿತೆಂದರೆ ಮೊದಲು ಬಂದು ನಿಲ್ಲುವವನು ಹಳೇ ಸಾಮಾನು ಕೊಳ್ಳುವವನು, ಅವನ ಹಿಂದೆಯೇ ಬಾನ್ ಗಿಲ್ಜಾ. ಅವನ ಕಣ್ಣು ಒಲೆ, ಪಾತ್ರೆ, ಮೇಜುಗಳ ಮೇಲೆ. ಇವಳ ಕಣ್ಣು ಮೂಲೆಯಲ್ಲಿ ಒಣಗುತ್ತಾ ನಿಂತ ಕುಂಡಗಳ ಮೇಲೆ. ಗಂಡಸರೂ ಇಬ್ಬರು ಸೇರಿ ಎತ್ತುವ ಕುಂಡವನ್ನು ಅವಳು ಸೊಂಟಕ್ಕೆ ಆನಿಸಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಬಿಡುತ್ತಾಳೆ.

ಹೊಸ ಅಂಗಡಿ ತೆರೆದ ದಿನ ನೆಂಟರಿಷ್ಟರು ಆಳೆತ್ತರದ ಗಿಡ ಕಳಿಸಬೇಕು, ಅದಕ್ಕೆ ಅಗಲ ರಿಬ್ಬನ್ ಕಟ್ಟಿ 'ವ್ಯಾಪಾರ ದಿನೇದಿನೇ ಬೆಳೆಯಲಿ' ಎಂದು ಬರೆಸಬೇಕು. ಇದು ಊರ ರೂಢಿ. ಗಿಡ ನಳನಳಿಸುತ್ತಿದ್ದರೆ ಗಲ್ಲಾಪೆಟ್ಟಿಗೆ ತುಂಬುತ್ತದಂತೆ, ಬಾಡಿದರೆ ಗಿರಾಕಿ ಬರುವುದಿಲ್ಲವಂತೆ. ಅಂಗಡಿಯೇ ಮುಚ್ಚಿಹೋದರಂತೂ ಮುಗಿಯಿತು, ಆ ಗಿಡವನ್ನು ಯಾರೂ ಮನೆಯ ಹೊಸ್ತಿಲು ದಾಟಿಸುವುದಿಲ್ಲ. ಪಾಪದ ಗಿಡ ಮಾಡಿದ್ದೇನು ಎಂದು ಕೇಳುವವರೂ ಇಲ್ಲ.

ಗಿಲ್ಜಾ ಕೇಳಿದ್ದಳು. ಅವಳೂ ಒಂದು ಕಾಲಕ್ಕೆ ತೋಫು ಸಾರಿನ ಹೊಟೇಲು ನಡೆಸಿದವಳೇ. ಸಾರು ಚೆನ್ನಾಗಿಯೇ ಇತ್ತು. ರಸ್ತೆ ಅಗೆದು ವರ್ಷಗಟ್ಟಲೆ ಹಾಗೇ ಬಿಟ್ಟರು, ಗಿರಾಕಿ ತಪ್ಪಿದರು, ಬಾಗಿಲು ಬಿತ್ತು. ಕೊನೆಯ ದಿನ ಅವಳ ಗಂಡನ ಅಕ್ಕ ಪಿಲ್ಸುನ್ ಬಂದು, ಕಿಟಕಿ ಪಕ್ಕದ ರಬ್ಬರ್ ಗಿಡದ ಕಡೆ ಗದ್ದ ಆಡಿಸಿ, "ಅದನ್ನ ಇಲ್ಲೇ ಬಿಟ್ಟು ಬಾ ಗಿಲ್ಜಾ. ದರಿದ್ರ ಮನೆಗೆ ಹೊತ್ಕೊಂಡು ಬರಬೇಡ" ಎಂದಳು.

"ಅಂಗಡಿ ಮುಚ್ಚಿದ್ದು ನಾನು ಅತ್ತಿಗೆ. ಹಾಗಿದ್ರೆ ನನ್ನನ್ನೂ ಇಲ್ಲೇ ಬಿಟ್ಟು ಹೋಗಿ."

ಅವಳು ಗಿಡವನ್ನು ಅಪ್ಪಿಕೊಂಡು ಊರ ಬಸ್ಸು ಹತ್ತಿದಳು. ಆ ಬಸ್ಸನ್ನು ಓಡಿಸುತ್ತಿದ್ದವನು ಅವಳ ಗಂಡ ಡುಶಿಕ್. ಅವನು ಕನ್ನಡಿಯಲ್ಲಿ ಎಲೆಗಳನ್ನು ನೋಡಿ, ಎಲೆಗಳ ನಡುವೆ ಹೆಂಡತಿಯ ಮುಖ ನೋಡಿ, ಪರಿಚಯವೇ ಇಲ್ಲದವನ ಹಾಗೆ ಗೇರು ಬದಲಿಸಿದ. ಮನೆಗೆ ಬಂದ ಮೇಲೆ ಮಾತ್ರ "ಟಿಕೆಟ್ಟು ಒಂದೇ ತಗೊಂಡೆಯಲ್ಲ ಇವಳೇ" ಎಂದು ನಕ್ಕ. ಗಿಡದ ವಿಷಯದಲ್ಲಿ ಅವನು ಆಡಿದ್ದು ಅಷ್ಟೇ.

ಆ ಚಳಿಗಾಲದೊಳಗೆ ಇನ್ನಷ್ಟು ಅಂಗಡಿಗಳು ಮುಚ್ಚಿದವು, ಇನ್ನಷ್ಟು ಕುಂಡಗಳು ಬಂದವು. ಬಿಸಿ ದೇಶದ ಗಿಡಗಳು, ಹೊರಗೆ ನೀರು ಕಲ್ಲಾಗುವ ಚಳಿ. ಅವು ಬೆಚ್ಚಗಿರಲಿ ಎಂದುಕೊಂಡಳು ಗಿಲ್ಜಾ. ಮನೆಗೆ ಬಂದ ಹಿರಿಯರನ್ನು ಎಲ್ಲಿ ಕೂರಿಸುತ್ತೇವೋ ಅಲ್ಲಿ, ನೆಲದಡಿಯ ಬಿಸಿನೀರ ಕೊಳವೆಗಳು ಒತ್ತಾಗಿ ಹಾದುಹೋಗುವ ಕಡೆ, ಅತಿ ಬೆಚ್ಚಗಿನ ಜಾಗದಲ್ಲಿ ಕುಂಡಗಳನ್ನು ಸಾಲಾಗಿ ಇಟ್ಟಳು. ಮನೆಯವರೆಲ್ಲ ತಣ್ಣನೆಯ ಮೂಲೆಯಲ್ಲಿ ಮಲಗಿದರು. ವಸಂತ ಬರುವಷ್ಟರಲ್ಲಿ ಅರ್ಧಕ್ಕರ್ಧ ಗಿಡಗಳು ಸತ್ತವು. ಕುಂಡ ಬೋರಲು ಹಾಕಿ ನೋಡಿದರೆ ಬೇರು ಬೇರಾಗಿರಲಿಲ್ಲ, ಬೆಂದ ಸೊಪ್ಪಾಗಿತ್ತು. ನಾನೇ ಕೈಯಾರೆ ಬೇಯಿಸಿಬಿಟ್ಟೆ ಎಂದು ಅವಳು ಅತ್ತಳು. ಪಿಲ್ಸುನ್ ಮಾತ್ರ ಬೀದಿಗೆಲ್ಲ ಕೇಳುವಂತೆ, "ನಾನು ಹೇಳಲಿಲ್ವಾ? ಅವಕ್ಕೆ ಆಯಸ್ಸೇ ಇಲ್ಲ" ಎಂದಳು.

ಗಿಲ್ಜಾ ಕಣ್ಣೊರೆಸಿಕೊಂಡು ಉಳಿದವನ್ನು ಎತ್ತರಕ್ಕೇರಿಸಿದಳು. ಮರದ ಮಣೆ, ಕಿಮ್ಚಿ ಉಪ್ಪಿನಕಾಯಿಯ ಡಬ್ಬಿ, ಮಗಳ ಹಳೇ ಓದುವ ಮೇಜು, ಕೈಗೆ ಸಿಕ್ಕಿದ್ದೆಲ್ಲ ಕುಂಡದ ಕೆಳಗೆ. ಅಕ್ಕಿ ತೊಳೆದ ನೀರು ಬೇರಿಗೆ, ಗಂಡ ಉಳಿಸಿದ ಬಿಯರಿನಲ್ಲಿ ಬಟ್ಟೆ ಅದ್ದಿ ಎಲೆ ಹೊಳೆಯುವಂತೆ ಒರೆಸುತ್ತಿದ್ದಳು. ಬಿಯರು ಉಳಿಯದ ದಿನ ಅವನ ಲೋಟದಿಂದಲೇ ಕಸಿಯುತ್ತಿದ್ದಳು. ಮಾನ್‌ಸ್ಟೆರಾ ಎಂಬ ಅಗಲ ಎಲೆಯ ಗಿಡ ಟೀವಿಯನ್ನು ಅರ್ಧ ಮುಚ್ಚಿತು, ಮನಿಪ್ಲಾಂಟ್ ಪರದೆಯ ಕೋಲು ಹತ್ತಿತು, ರಬ್ಬರ್ ಗಿಡ ಚಾವಣಿ ಮುಟ್ಟಿ ಬಾಗಿತು. ಒಂದೊಂದನ್ನೂ ಅವಳು ಅದು ಬಂದ ಅಂಗಡಿಯ ಹೆಸರಿನಿಂದಲೇ ಕರೆಯುತ್ತಿದ್ದಳು. "ಹುರಿದ ಕೋಳಿ ಇವತ್ತು ಹೊಸ ಎಲೆ ಬಿಟ್ಟಿದೆ ನೋಡ್ರಿ," "ಸಲೂನಿಗೆ ನೀರು ಜಾಸ್ತಿ ಆಯ್ತು." ಕೆಳಗಿನ ಮನೆಯವರು ಲಿಫ್ಟಿನಲ್ಲಿ ಸಿಕ್ಕಾಗ ಅವಳಿಂದ ದೂರ ಸರಿದು ನಿಲ್ಲುತ್ತಿದ್ದರು. ಇವಳು ಬೇಕೆಂದೇ ಹತ್ತಿರ ಹೋಗಿ ನಿಲ್ಲುತ್ತಿದ್ದಳು.

ಹೀಗೆ ವರ್ಷಗಳು ಕಳೆದವು. ಅಷ್ಟರಲ್ಲಿ ಒಬ್ಬಳೇ ಮಗಳು ಸೊದಾಮ್, ಕೈಯಲ್ಲಿ ಕತ್ತರಿಸಿದ ನೂಡಲ್ಸಿನ ಹೊಟೇಲು ತೆರೆದಳು. ಅಮ್ಮನ ಕೈರುಚಿ, ಅಪ್ಪನ ತಾಳ್ಮೆ ಎರಡೂ ಇದ್ದ ಹುಡುಗಿ. ಆದರೆ ಸೋದರತ್ತೆಯ ಮಾತಿಗೆ ಅಂಜುತ್ತಿದ್ದಳು. ಪಿಲ್ಸುನ್ ಅಂಗಡಿಗೆ 'ಅದೃಷ್ಟದ ಮರ' ಎಂಬ ದೊಡ್ಡ ಗಿಡವನ್ನೇ ಕಳಿಸಿದಳು: ತೊಡೆ ಗಾತ್ರದ ಕಾಂಡ, ತುದಿಯಲ್ಲಿ ಜೋಳದ ಗರಿಯಂಥ ಎಲೆಗಳ ಗೊಂಚಲು, ಚಿನ್ನದ ಬಣ್ಣದ ರಿಬ್ಬನ್ನು. ಗಿಲ್ಜಾ ತಾನು ಬೆಳೆಸಿದ ಒಂದು ಗಿಡ ತರಲೇ ಎಂದಾಗ ಸೊದಾಮ್ ತಲೆ ತಗ್ಗಿಸಿ, "ಬೇಡಮ್ಮ. ಇಲ್ಲಿಗೆ ಅವು ಬೇಡ" ಎಂದಳು.

ಚಳಿ ಬಲಿತಾಗ ಅದೃಷ್ಟದ ಮರ ಹಳದಿಯಾಗತೊಡಗಿತು. ಗಿರಾಕಿಗಳು ಅದನ್ನು ನೋಡುತ್ತಲೇ ನೂಡಲ್ಸು ತಿಂದರು. ಪಿಲ್ಸುನ್ ತಡಮಾಡಲಿಲ್ಲ. "ನಿಮ್ಮಮ್ಮನ ಮನೆಯ ದರಿದ್ರ ನಿನ್ನ ಬೆನ್ನು ಹತ್ತಿದೆ. ಅವನ್ನೆಲ್ಲ ಬೀದಿಗೆ ಹಾಕೋವರೆಗೂ ನಿನಗೆ ಉಳಿಗಾಲ ಇಲ್ಲ" ಎಂದು ಸೊದಾಮಳ ಕಿವಿ ತುಂಬಿದಳು. ಮಗಳು ಫೋನು ಮಾಡಿ ಅಳುತ್ತಾ, "ಅಮ್ಮ, ನನಗೋಸ್ಕರ. ಅವನ್ನೆಲ್ಲ ಒಂದ್ಸಲ ಖಾಲಿ ಮಾಡಿಬಿಡಮ್ಮ" ಎಂದಳು.

ಬೇರೆ ಯಾರೇ ಹೇಳಿದ್ದರೂ ಗಿಲ್ಜಾ ಬಾಯಿ ಮುಚ್ಚಿಸುತ್ತಿದ್ದಳು. ಹೇಳಿದ್ದು ಮಗಳು. ಫೋನಿಟ್ಟು ಗಿಡಗಳ ನಡುವೆ ಕೂತಳು. ಎಸೆದರೆ ಮಗಳ ಹೆದರಿಕೆಯನ್ನು ತಾನೇ ನಿಜ ಮಾಡಿದಂತೆ. ಎಸೆಯದಿದ್ದರೆ ಅಂಗಡಿಗೆ ಏನೇ ಆದರೂ ಜೀವನಪೂರ್ತಿ ಆ ಹುಡುಗಿ ತನ್ನನ್ನೇ ದೂರಿಯಾಳು. ಆಮೇಲೆ ಎದ್ದು, ಕೋಟು ಹಾಕಿಕೊಂಡು, ಗರಗಸವನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟಳು.

ಮಧ್ಯಾಹ್ನದ ಊಟದ ಹೊತ್ತು. ಗಿರಾಕಿಗಳು ಬೆಚ್ಚನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು, ಪಿಲ್ಸುನ್ ಗಲ್ಲಾದ ಬಳಿ, ಸೊದಾಮ್ ಎದುರಿಗೇ ಕಾಣುವ ಅಡುಗೆಮನೆಯಲ್ಲಿ. ಗಿಲ್ಜಾ ಚಪ್ಪಲಿ ಬಿಟ್ಟು ಒಳಬಂದವಳೇ ಕುಂಡದ ಪಕ್ಕದ ನೆಲಕ್ಕೆ ಅಂಗೈ ಇಟ್ಟಳು. ಕೈ ಇಡಲಾಗದಷ್ಟು ಬಿಸಿ. ಕಾಂಡದ ಬುಡ ಒತ್ತಿದಳು, ಬೆರಳು ಒಳಗಿಳಿಯಿತು.

"ಸೊದಾಮ್, ಇದಕ್ಕೆ ಯಾರ ದರಿದ್ರವೂ ತಾಗಿಲ್ಲ. ನಿನ್ನ ನೆಲ ಬೇಯಿಸಿದೆ. ನಾನೂ ಹಿಂದೆ ಹೀಗೇ ಕೊಂದಿದ್ದೆ. ಮೇಲಿನರ್ಧ ಇನ್ನೂ ಗಟ್ಟಿ ಇದೆ. ಕತ್ತರಿಸಿದ್ರೆ ಬದುಕುತ್ತೆ."

"ಕತ್ತರಿಸೋದಾ?" ಪಿಲ್ಸುನ್ ಚೀರಿದಳು. "ಅಂಗಡಿಯ ಅದೃಷ್ಟಾನ, ಗಿರಾಕಿಗಳ ಎದುರಿಗೆ? ತಲೆ ಕೆಟ್ಟಿದೆಯಾ ನಿನಗೆ?"

"ಕೆಟ್ಟಿರೋದು ಬುಡ ಅತ್ತಿಗೆ. ಪಕ್ಕಕ್ಕೆ ಸರೀರಿ."

"ನಾಳೆ ಈ ಅಂಗಡಿ ಮುಚ್ಚಿದ್ರೆ ಯಾರ ತಲೆಗೆ?"

"ನನ್ನ ತಲೆಗೇ ಕಟ್ಟಿ! ನನ್ನ ಅಂಗಡಿ ಮುಚ್ಚಿದ ದಿನವೂ ನಾನು ಊಟ ಮಾಡ್ದೆ, ನಿದ್ದೆ ಮಾಡ್ದೆ, ಬೆಳಿಗ್ಗೆ ಎದ್ದೆ. ಸಾಯಲಿಲ್ಲ. ಅದಕ್ಕೇ ತಾನೇ ನಿಮಗೆ ಇಷ್ಟು ವರ್ಷದಿಂದ ಹೊಟ್ಟೆ ಉರಿ?"

ಗಿಲ್ಜಾ ಗರಗಸ ಬಿಚ್ಚಿ ಕಾಂಡಕ್ಕೆ ಇಟ್ಟಳು. ಒಬ್ಬಳಿಂದ ಆಗುವ ಕೆಲಸವಾಗಿರಲಿಲ್ಲ. ಗರಗಸ ಎಳೆದಂತೆಲ್ಲ ಮರ ತೂಗಾಡಿ ಹಲ್ಲು ಸಿಕ್ಕಿಕೊಳ್ಳುತ್ತಿತ್ತು. ಅವಳು ಯಾರನ್ನೂ ಕರೆಯಲಿಲ್ಲ. ಮಗಳ ಕಡೆ ನೋಡುವ ಧೈರ್ಯ ಅವಳಿಗಿರಲಿಲ್ಲ.

ಸೊದಾಮ್ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬಂದಳು. ಅತ್ತೆಯನ್ನು ನೋಡಿದಳು, ಬಾಯಿ ತೆರೆದು ಕೂತ ಗಿರಾಕಿಗಳನ್ನು ನೋಡಿದಳು. ಆಮೇಲೆ ಮಂಡಿಯೂರಿ ಕಾಂಡವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು.

"ಎಳಿಯಮ್ಮ" ಎಂದಳು.

ಕೊಳೆತ ಭಾಗ ದಾಟಿ ಬಿಳಿಯ ಗಟ್ಟಿ ಮರ ಕಾಣುವ ತನಕ ಗಿಲ್ಜಾ ಎಳೆದಳು. ಮೇಲಿನ ತುಂಡು ಸೊದಾಮಳ ಮಡಿಲಿಗೆ ಬಿತ್ತು. ಪಿಲ್ಸುನ್ ಕೋಟು ಕೈಗೆತ್ತಿಕೊಂಡು, "ಆಯ್ತು. ಈಗ ನನ್ನೆದುರಿಗೆ ಹೇಳು ನಿಮ್ಮಮ್ಮನಿಗೆ. ಆ ಗಿಡಗಳನ್ನೆಲ್ಲ ಎಸೆದು ಮನೆ ಖಾಲಿ ಮಾಡು ಅಂತ ಹೇಳು" ಎಂದಳು.

ಸೊದಾಮ್ ಆ ತುಂಡನ್ನು ಕೂಸಿನ ಹಾಗೆ ಮಡಿಲಲ್ಲೇ ಇಟ್ಟುಕೊಂಡಿದ್ದಳು. ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದಳು.

"ಅತ್ತೆ, ಅಮ್ಮ ಏನನ್ನೂ ಎಸೆಯಲ್ಲ. ನಾಳೆ ನನ್ನ ಅಂಗಡಿ ಮುಚ್ಚಿದರೂ, ಇದನ್ನ ಮನೆಯೊಳಗೆ ಕರ್ಕೊಳ್ಳೋಳು ಈ ಊರಲ್ಲಿ ಅವಳೊಬ್ಬಳೇ. ನನ್ನನ್ನೂ ಅಷ್ಟೇ."